ನೆಟ್‌ವರ್ಕ್ ಸಿಕ್ಕ ದಿನ ಇಳಿಸಿಕೊಳ್ಳಿ, ಮಳೆಯ ದಿನ ಕಲಿಸಿ: ಮಲೆನಾಡಿನ ಶಿಕ್ಷಕರಿಗೆ ಆನ್‌ಲೈನ್ ಸಂಪನ್ಮೂಲಗಳ ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳು. ಮೂರು ದಿನದಿಂದ ಬಿಡದ ಮಳೆ. ಹೆಂಚಿನ ಮೇಲೆ ಬೀಳುವ ಸದ್ದಿಗೆ ಹಿಂದಿನ ಬೆಂಚಿನವರಿಗೆ ನನ್ನ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಏಳನೇ ತರಗತಿಗೆ ವಿದ್ಯುತ್ ಮಂಡಲದ ಪಾಠ. ಹಿಂದಿನ ರಾತ್ರಿ ಮನೆಯಲ್ಲಿ ಒಂದು ಒಳ್ಳೆಯ ವಿಡಿಯೊ ನೋಡಿಟ್ಟುಕೊಂಡಿದ್ದೆ. ತರಗತಿಯಲ್ಲಿ ಫೋನ್ ತೆಗೆದರೆ ಚಕ್ರ ಸುತ್ತುತ್ತಲೇ ಇತ್ತು. ಐದು ನಿಮಿಷ ಹೋಯಿತು, ಹತ್ತು ನಿಮಿಷ ಹೋಯಿತು. ಕೊನೆಗೆ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಗುಡ್ಡದ ಮೇಲಿನ ಬಂಡೆ ಹತ್ರ ಹೋದ್ರೆ ಎರಡು ಕಡ್ಡಿ ಬರ್ತದೆ" ಅಂದ.

ಅವನು ಹೇಳಿದ್ದು ಅನುಭವದ ಮಾತು. 2020ರಲ್ಲಿ ಶಾಲೆ ಮುಚ್ಚಿದ್ದಾಗ ಮಲೆನಾಡಿನ ಎಷ್ಟೋ ಮಕ್ಕಳು ಗುಡ್ಡ ಹತ್ತಿ, ಕೊಡೆ ಹಿಡಿದು ಕೂತು ಪಾಠ ಕೇಳಿದವರು. ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಹಳ್ಳಿಗಳಲ್ಲಿ ಮಳೆ ಜೋರಾದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಟವರೂ ಹೋಗುತ್ತದೆ. ಹಾಗಂತ ಒಳ್ಳೆಯ ಸಾಮಗ್ರಿ ನಮ್ಮ ಮಕ್ಕಳಿಗೆ ತಲುಪಬಾರದಾ?

ಅವತ್ತಿನಿಂದ ನಾನು ಒಂದು ರೂಢಿ ಮಾಡಿಕೊಂಡೆ. ತರಗತಿಯಲ್ಲಿ ಇಂಟರ್ನೆಟ್ ಇರುವುದೇ ಇಲ್ಲ ಅಂದುಕೊಂಡು ತಯಾರಿ ಮಾಡುವುದು. ಬೇಕಾದ್ದನ್ನು ನೆಟ್‌ವರ್ಕ್ ಇರುವ ಕಡೆ ಇಳಿಸಿಕೊಂಡು ಬರುವುದು. ಕೆಳಗೆ ಬರೆದಿರುವುದೆಲ್ಲ ಹೆಚ್ಚಾಗಿ ಈ ರೂಢಿಗೆ ಒಗ್ಗಿದ ಸಂಪನ್ಮೂಲಗಳು. ಎಲ್ಲವೂ ಉಚಿತ.

ಮೊದಲು ಪಾಠ, ಆಮೇಲೆ ಫೋನ್

ಭಾನುವಾರ ಅರ್ಧ ಗಂಟೆ ಕೂತು ಆ ವಾರದ ಪಾಠಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ಪಾಠದ ಎದುರು ಒಂದೇ ಸಾಲು: ಮಕ್ಕಳಿಗೆ ಇಲ್ಲಿ ಎಲ್ಲಿ ತೊಡಕಾಗುತ್ತದೆ? ಭಿನ್ನರಾಶಿ ಅಂದರೆ, ಮೂರು ದೊಡ್ಡದಾದರೂ ಮೂರನೇ ಒಂದು ಭಾಗ ಅರ್ಧಕ್ಕಿಂತ ಯಾಕೆ ಚಿಕ್ಕದು ಅನ್ನುವುದು. ವಿದ್ಯುತ್ ಅಂದರೆ, ತಂತಿಯೊಳಗೆ ಏನು ಹರಿಯುತ್ತದೆ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಹುಡುಕಬೇಕಾದ್ದು ಈ ತೊಡಕಿಗೆ ಮದ್ದನ್ನು. "ಏಳನೇ ತರಗತಿ ವಿಜ್ಞಾನ" ಅಂತ ಸುಮ್ನೆ ಹುಡುಕಿದರೆ ಸಾವಿರ ವಿಡಿಯೊ ಬರುತ್ತವೆ, ಒಂದೂ ಕೈಗೆ ಹತ್ತುವುದಿಲ್ಲ.

ಕೆಲವು ಪಾಠಗಳ ಎದುರು "ಪರದೆ ಬೇಡ" ಅಂತಲೂ ಬರೆಯಿರಿ. ಹೂವಿನ ಭಾಗಗಳ ಪಾಠಕ್ಕೆ ಶಾಲೆಯ ಬೇಲಿಯಲ್ಲೇ ದಾಸವಾಳ ಇದೆ. ಅದನ್ನು ಉಗುರಿನಲ್ಲಿ ಸೀಳಿ ನೋಡುವುದರ ಮುಂದೆ ಯಾವ ವಿಡಿಯೊನೂ ನಿಲ್ಲುವುದಿಲ್ಲ.

ಸರಂಜಾಮು ಸಿದ್ಧ ಮಾಡುವುದು

ಒಂದು 32 ಜಿಬಿ ಪೆನ್‌ಡ್ರೈವ್. ಅದನ್ನು ಫೋನಿಗೆ ಸಿಕ್ಕಿಸಲು ಒಟಿಜಿ ಕೇಬಲ್. ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಸ್ಪೀಕರ್. ಮಳೆ ಸದ್ದಿನಲ್ಲಿ ಫೋನಿನ ದನಿ ಎರಡನೇ ಸಾಲಿಗೂ ಹೋಗುವುದಿಲ್ಲ, ಅದಕ್ಕೇ ಸ್ಪೀಕರ್ ಬೇಕೇ ಬೇಕು. ಶಾಲೆಯ ಲ್ಯಾಪ್‌ಟಾಪ್ ಇದ್ದರೆ ಅದರಲ್ಲಿ ಕ್ರೋಮ್ ಮತ್ತು ವಿಎಲ್‌ಸಿ ಪ್ಲೇಯರ್ ಹಾಕಿಡಿ.

ಪೆನ್‌ಡ್ರೈವ್‌ನಲ್ಲಿ ತರಗತಿಗೊಂದು ಫೋಲ್ಡರ್, ಅದರೊಳಗೆ ವಿಷಯ, ಅದರೊಳಗೆ ಪಾಠ. ಫೈಲಿಗೆ ಕನ್ನಡದಲ್ಲೇ ಹೆಸರಿಡಿ: "7 ವಿಜ್ಞಾನ ವಿದ್ಯುತ್ ಬಲ್ಬ್ ಜೋಡಣೆ" ಹೀಗೆ. ಇದು ಸಣ್ಣ ಕೆಲಸ ಅನ್ನಿಸಬಹುದು. ಆದರೆ ತರಗತಿಯಲ್ಲಿ ನಿಂತು ಅಂಕಿಗಳ ಹೆಸರಿನ ನಲವತ್ತು ವಿಡಿಯೊಗಳನ್ನು ಒಂದೊಂದಾಗಿ ತೆರೆದು ನೋಡುವ ಪಾಡು ತಪ್ಪುತ್ತದೆ.

ಇಳಿಸಿದ ಮೇಲೆ ಒಂದು ಪರೀಕ್ಷೆ ಮಾಡಲೇಬೇಕು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಪ್ರತಿಯೊಂದನ್ನೂ ತೆರೆದು ನೋಡಿ. ಆಗ ತೆರೆದುಕೊಂಡರೆ ತರಗತಿಯಲ್ಲೂ ತೆರೆದುಕೊಳ್ಳುತ್ತದೆ.

ಪಠ್ಯಪುಸ್ತಕದಿಂದ ಶುರು: ದೀಕ್ಷಾ

ನಮ್ಮ ಪಠ್ಯಪುಸ್ತಕದ ಪಾಠಗಳಲ್ಲಿ ಕ್ಯೂಆರ್ ಕೋಡ್ ಇರುವುದನ್ನು ಎಲ್ಲರೂ ನೋಡಿದ್ದೀರಿ. ಅದು 2017ರಲ್ಲಿ ಶುರುವಾದ ದೀಕ್ಷಾ ಅನ್ನುವ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠ ವೇದಿಕೆಗೆ ಹೋಗುವ ಬಾಗಿಲು. ಆ್ಯಪ್ ಹಾಕಿಕೊಂಡು ಭಾಷೆ ಕನ್ನಡ, ಬೋರ್ಡ್ ಕರ್ನಾಟಕ ರಾಜ್ಯ, ತರಗತಿ ಯಾವುದು ಅಂತ ಆರಿಸಿ. ಆಮೇಲೆ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಅಭ್ಯಾಸ ಪ್ರಶ್ನೆಗಳು ಬರುತ್ತವೆ. ಪುಸ್ತಕ ಮಳೆಗೆ ನೆನೆದು ಕೋಡ್ ಮಸುಕಾಗಿದೆಯಾ? ಅದರ ಕೆಳಗೆ ಆರು ಅಕ್ಷರಗಳ ಒಂದು ಸಂಕೇತ ಇರುತ್ತದೆ. ಅದನ್ನು ಟೈಪ್ ಮಾಡಿದರೂ ಸಾಕು.

ಪ್ರತಿ ಸಾಮಗ್ರಿಗೂ ಡೌನ್‌ಲೋಡ್ ಗುಂಡಿ ಇದೆ. ಇಳಿಸಿದ್ದು ಆ್ಯಪ್‌ನ ಡೌನ್‌ಲೋಡ್ಸ್ ವಿಭಾಗದಲ್ಲಿ ಕೂತಿರುತ್ತದೆ, ಇಂಟರ್ನೆಟ್ ಇಲ್ಲದೆ ನಡೆಯುತ್ತದೆ. ಎಲ್ಲ ವಿಡಿಯೊಗಳೂ ಒಂದೇ ಮಟ್ಟದವಲ್ಲ. ಕೆಲವು ಪಠ್ಯವನ್ನು ಓದಿ ಹೇಳುವಂಥವು, ಕೆಲವು ನಿಜಕ್ಕೂ ಚೆನ್ನಾಗಿವೆ. ಮೊದಲು ನೀವು ಪೂರ್ತಿ ನೋಡಿ, ಒಳ್ಳೆಯ ಎರಡು ನಿಮಿಷ ಎಲ್ಲಿದೆ ಅಂತ ಗುರುತು ಹಾಕಿಕೊಳ್ಳಿ.

ಪುಸ್ತಕ ಬರುವುದು ತಡವಾದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಸಿಗುತ್ತದೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ (ಡಿಎಸ್‌ಇಆರ್‌ಟಿ) ಸಂವೇದ ವಿಡಿಯೊ ಪಾಠಗಳು ಯೂಟ್ಯೂಬ್‌ನಲ್ಲಿವೆ. ಕೊರೊನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಬಂದವು ಅವೇ.

ನಲಿಕಲಿ ಮತ್ತು ಕಿರಿಯ ತರಗತಿಗಳಿಗೆ

ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರ ಕತೆಗಳ ಜಾಲತಾಣ ಸ್ಟೋರಿವೀವರ್ 2015ರಲ್ಲಿ ಶುರುವಾಯಿತು. ಕನ್ನಡದಲ್ಲಿ ಓದಲು ಚಿತ್ರಕತೆಗಳು ರಾಶಿ ಇವೆ. ಇದರಲ್ಲಿ ನನಗೆ ತುಂಬಾ ಉಪಯೋಗ ಆಗಿದ್ದು ನಾಲ್ಕು ಓದುವ ಹಂತಗಳು. ಮೊದಲ ಹಂತದಲ್ಲಿ ಪುಟಕ್ಕೆ ನಾಲ್ಕಾರು ಪದ. ನಾಲ್ಕನೇ ಹಂತದಲ್ಲಿ ಸ್ವತಂತ್ರವಾಗಿ ಓದುವ ಮಕ್ಕಳಿಗೆ ಉದ್ದನೆಯ ಕತೆ. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೇ ಕೂರುವ ನಲಿಕಲಿ ಕೋಣೆಯಲ್ಲಿ ಇದು ವರ ಇದ್ದ ಹಾಗೆ. ಮೂರು ಗುಂಪಿಗೆ ಮೂರು ಹಂತದ ಕತೆ ಕೊಡಬಹುದು.

ಬಳಸುವ ಕ್ರಮ ಹೀಗೆ. ಖಾತೆ ತೆರೆದು ಲಾಗಿನ್ ಆಗಿ. ಭಾಷೆ ಕನ್ನಡ, ಹಂತ ಒಂದು ಅಂತ ಸೋಸಿ. ಕತೆ ತೆರೆದು ಪಿಡಿಎಫ್ ಇಳಿಸಿ. ವಾರಕ್ಕೆ ಮೂರು ಕತೆ ಸಾಕು. ಸಾಧ್ಯವಾದರೆ ತಿಂಗಳಿಗೆ ಒಂದು ಕತೆಯನ್ನು ಪೇಟೆಯಲ್ಲಿ ಪ್ರಿಂಟ್ ಹಾಕಿಸಿ, ಹೊಲಿದು ತರಗತಿಯ ದಾರಕ್ಕೆ ನೇತುಹಾಕಿ. ಈ ಕತೆಗಳು ಮುಕ್ತ ಪರವಾನಗಿಯಲ್ಲಿವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಇರುವ ಪುಟವನ್ನು ಹಾಗೇ ಉಳಿಸಿಕೊಂಡರೆ ಪ್ರಿಂಟ್ ಹಾಕಲು ಯಾರನ್ನೂ ಕೇಳಬೇಕಿಲ್ಲ. ಇಂಗ್ಲಿಷ್ ಪಾಠಕ್ಕೂ ನಾನು ಇದನ್ನೇ ಬಳಸುತ್ತೇನೆ: ಸೋಮವಾರ ಕನ್ನಡದಲ್ಲಿ ಓದಿದ ಕತೆಯನ್ನು ಗುರುವಾರ ಇಂಗ್ಲಿಷಿನಲ್ಲಿ ಓದುವುದು. ಕತೆ ಗೊತ್ತಿರುವ ಕಾರಣ ಮಕ್ಕಳು ಪದಕ್ಕೆ ಹೆದರುವುದಿಲ್ಲ.

ಗಣಿತಕ್ಕೆ ಅಕ್ಷರ ಫೌಂಡೇಶನ್‌ನ ಬಿಲ್ಡಿಂಗ್ ಬ್ಲಾಕ್ಸ್ ಆ್ಯಪ್ ಕನ್ನಡದಲ್ಲಿದೆ. ಕಡಿಮೆ ಬೆಲೆಯ ಫೋನಿನಲ್ಲೂ ನಡೆಯುತ್ತದೆ, ಒಮ್ಮೆ ಇಳಿಸಿದರೆ ಆಫ್‌ಲೈನ್ ಆಡಬಹುದು. ಮನೆಯಲ್ಲಿ ಫೋನ್ ಇರುವ ಪೋಷಕರಿಗೆ ಪೋಷಕರ ಸಭೆಯ ದಿನ ನೀವೇ ಹಾಕಿಕೊಡಿ.

ಗಣಿತ, ವಿಜ್ಞಾನ: ಮುಟ್ಟಿ ನೋಡುವ ಪರದೆ

ಒಂದೇ ಒಂದನ್ನು ಆರಿಸಿ ಅಂದರೆ ನಾನು ಫೆಟ್ ಅನ್ನುತ್ತೇನೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಇದನ್ನು ಶುರು ಮಾಡಿದವರು ಕಾರ್ಲ್ ವೀಮನ್, ಅದರ ಹಿಂದಿನ ವರ್ಷವಷ್ಟೇ ಭೌತವಿಜ್ಞಾನದ ನೊಬೆಲ್ ಪಡೆದವರು. ಇದರಲ್ಲಿರುವವು ವಿಡಿಯೊಗಳಲ್ಲ, ಬೆರಳಿನಿಂದ ಎಳೆದು, ಜೋಡಿಸಿ, ಕೆಡಿಸಿ ನೋಡುವ ಪ್ರಯೋಗಗಳು. ಎಷ್ಟೋ ಪ್ರಯೋಗಗಳು ಕನ್ನಡದಲ್ಲೂ ಇವೆ.

ಇಳಿಸುವುದು ಹೀಗೆ. ಹುಡುಕುವಾಗ ಪಿ, ಎಚ್, ಇ, ಟಿ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಬೇಕಾದ ಪ್ರಯೋಗದ ಪುಟಕ್ಕೆ ಹೋಗಿ. ಭಾಷಾಂತರಗಳ ಪಟ್ಟಿಯಲ್ಲಿ ಕನ್ನಡ ಇದೆಯಾ ನೋಡಿ, ಇದ್ದರೆ ಅದರ ಎದುರಿನ ಡೌನ್‌ಲೋಡ್ ಗುರುತು ಒತ್ತಿ. ಒಂದು ಎಚ್‌ಟಿಎಂಎಲ್ ಫೈಲ್ ಇಳಿಯುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್‌ನಿಂದ ತೆರೆದರೆ ಇಂಟರ್ನೆಟ್ ಇಲ್ಲದೆ ನಡೆಯುತ್ತದೆ.

ಮೊದಲು ಹೇಳಿದೆನಲ್ಲ, ವಿದ್ಯುತ್ ಮಂಡಲದ ಪಾಠ. ಮುಂದಿನ ವರ್ಷ ಅದೇ ಪಾಠಕ್ಕೆ ಫೆಟ್‌ನ ಸರ್ಕ್ಯೂಟ್ ಕಟ್ಟುವ ಪ್ರಯೋಗ ಒಯ್ದಿದ್ದೆ. ಒಬ್ಬಳು ಬ್ಯಾಟರಿ, ತಂತಿ, ಬಲ್ಬ್ ಜೋಡಿಸಿದಳು. ಬಲ್ಬ್ ಹೊತ್ತಿತು, ತಂತಿಯೊಳಗೆ ನೀಲಿ ಚುಕ್ಕಿಗಳು ಹರಿಯತೊಡಗಿದವು. ನಾನು ಕೇಳಿದೆ: "ಅದೇ ಸಾಲಿನಲ್ಲಿ ಇನ್ನೊಂದು ಬಲ್ಬ್ ಹಾಕಿದರೆ?" ಅರ್ಧ ಜನ "ಎರಡೂ ಅಷ್ಟೇ ಜೋರು" ಅಂದರು. ಕೈ ಎತ್ತಿಸಿ ಎಣಿಸಿ ಬೋರ್ಡ್ ಮೇಲೆ ಬರೆದೆ. ಆಮೇಲೆ ಹಾಕಿಸಿದೆ. ಎರಡೂ ಮಂಕಾದವು, ಚುಕ್ಕಿಗಳ ಓಟವೂ ನಿಧಾನ ಆಯಿತು. ಇನ್ನೊಬ್ಬ ಬಂದು ಬ್ಯಾಟರಿಯ ಎರಡು ತುದಿಗೆ ನೇರ ತಂತಿ ಎಳೆದ. ಪರದೆಯ ಮೇಲೆ ಬ್ಯಾಟರಿಗೆ ಬೆಂಕಿ ಹತ್ತಿತು. ಮನೆಯಲ್ಲಿ ಶಾರ್ಟ್ ಸರ್ಕ್ಯೂಟ್ ಅನ್ನುವ ಮಾತು ಕೇಳಿದ್ದ ಮಕ್ಕಳು ಅವತ್ತು ಅದನ್ನು ಕಣ್ಣಾರೆ ಕಂಡರು. ಮರುದಿನ ನಿಜವಾದ ಟಾರ್ಚ್ ಸೆಲ್, ತಂತಿ, ಸಣ್ಣ ಬಲ್ಬ್ ಕೊಟ್ಟೆ. ಪರದೆಯ ಪ್ರಯೋಗ ನಿಜದ ಪ್ರಯೋಗಕ್ಕೆ ತಯಾರಿ ಆಗಬೇಕು, ಅದರ ಜಾಗಕ್ಕೆ ಬರಬಾರದು.

ಈ ಕ್ರಮ ಎಲ್ಲ ಪ್ರಯೋಗಕ್ಕೂ ಹೊಂದುತ್ತದೆ: ಮೊದಲು ಊಹೆ ಕೇಳಿ, ಬೋರ್ಡ್ ಮೇಲೆ ಬರೆಯಿರಿ, ಆಮೇಲೆ ತೋರಿಸಿ, ಕೊನೆಗೆ "ಯಾಕೆ?" ಅಂತ ಮಕ್ಕಳ ಬಾಯಲ್ಲೇ ಹೇಳಿಸಿ. ಊಹೆ ಬರೆಸದೆ ನೇರ ತೋರಿಸಿದರೆ ಮಕ್ಕಳು ಬೆಂಕಿಯನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ.

ರೇಖಾಗಣಿತಕ್ಕೆ ಜಿಯೋಜೀಬ್ರಾ ಬಳಸಿ. ತ್ರಿಭುಜದ ಒಂದು ಮೂಲೆ ಹಿಡಿದು ಎಳೆದಾಗ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ 180ರಲ್ಲೇ ನಿಲ್ಲುತ್ತದೆ. ಲ್ಯಾಪ್‌ಟಾಪ್‌ಗೆ ಇನ್‌ಸ್ಟಾಲ್ ಮಾಡಿಟ್ಟರೆ ಆಫ್‌ಲೈನ್ ನಡೆಯುತ್ತದೆ. ಪ್ರೌಢಶಾಲೆಯ ಗಣಿತಕ್ಕೆ ಖಾನ್ ಅಕಾಡೆಮಿಯ ಕನ್ನಡ ಪಾಠಗಳೂ ಇವೆ. ಅವು ಮಕ್ಕಳಿಗಿಂತ ಮೊದಲು ನಮಗೆ ಒಳ್ಳೆಯವು, ಒಂದು ಲೆಕ್ಕವನ್ನು ಎಷ್ಟು ನಿಧಾನ ಬಿಡಿಸಿ ಹೇಳಬಹುದು ಅಂತ ಗೊತ್ತಾಗುತ್ತದೆ.

ಲ್ಯಾಪ್‌ಟಾಪೇ ಇಲ್ಲದ ಶಾಲೆಯವರು ಬೇಸರ ಮಾಡಿಕೊಳ್ಳಬೇಡಿ. ಅರವಿಂದ ಗುಪ್ತ ಅವರ ಜಾಲತಾಣ ಇದೆ. ಬೆಂಕಿಪೊಟ್ಟಣ, ಸ್ಟ್ರಾ, ಹಳೆಯ ಸೈಕಲ್ ಟ್ಯೂಬ್, ಬಾಟಲಿ ಮುಚ್ಚಳದಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ಚಿಕ್ಕ ಚಿಕ್ಕ ವಿಡಿಯೊಗಳಲ್ಲಿ ತೋರಿಸಿದ್ದಾರೆ. ಈ ಕೆಲಸಕ್ಕೆ 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನೀವು ಮನೆಯಲ್ಲಿ ನೋಡಿ ಕಲಿತು ಬಂದರೆ ಸಾಕು. ತರಗತಿಯಲ್ಲಿ ಫೋನ್ ತೆಗೆಯುವ ಅಗತ್ಯವೇ ಇಲ್ಲ.

ಕನ್ನಡ ಪಾಠಕ್ಕೆ

ವಚನ ಸಂಚಯ ಅನ್ನುವ ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ. ಇದರ ಶಕ್ತಿ ಇರುವುದು ಪದ ಹುಡುಕುವುದರಲ್ಲಿ. "ಮಳೆ" ಅಂತ ಕೊಟ್ಟರೆ ಆ ಪದ ಬಂದ ವಚನಗಳೆಲ್ಲ ಬರುತ್ತವೆ, ಯಾರು ಬರೆದದ್ದು ಅನ್ನುವುದೂ ಬರುತ್ತದೆ. ನಮ್ಮ ಶಿವಮೊಗ್ಗ ಜಿಲ್ಲೆಯ ಮಕ್ಕಳಿಗೆ ಇದರಲ್ಲಿ ಇನ್ನೊಂದು ಸಂತೋಷ ಇದೆ. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನವು. ಇಬ್ಬರ ವಚನಗಳಲ್ಲಿ ಮರ, ಗಿಳಿ, ಬೆಟ್ಟ ಎಲ್ಲೆಲ್ಲಿ ಬರುತ್ತವೆ ಅಂತ ಗುಂಪುಗಳಿಗೆ ಹಂಚಿಕೊಡಿ. ಹುಡುಕಿದ್ದನ್ನು ನೀವು ಮೊದಲೇ ಪ್ರಿಂಟ್ ಅಥವಾ ಸ್ಕ್ರೀನ್‌ಶಾಟ್ ಮಾಡಿಟ್ಟುಕೊಂಡಿರಬೇಕು.

ಪದದ ಅರ್ಥಕ್ಕೆ ಅಲರ್ ನಿಘಂಟು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಇದು, ಒಂದೂವರೆ ಲಕ್ಷದಷ್ಟು ಪದಗಳಿವೆ. ಸಾಮಾನ್ಯ ಮಾಹಿತಿಗೆ ಸರ್ಕಾರದ ಕಣಜ ಜಾಲತಾಣ, ಕನ್ನಡ ವಿಕಿಪೀಡಿಯ. ಕಿವಿಕ್ಸ್ ಅನ್ನುವ ಆ್ಯಪ್ ಹಾಕಿಕೊಂಡರೆ ಕನ್ನಡ ವಿಕಿಪೀಡಿಯವನ್ನೇ ಇಡಿಯಾಗಿ ಇಳಿಸಿಟ್ಟುಕೊಳ್ಳಬಹುದು. ಆರನೇ ತರಗತಿಯ ಮೇಲಿನವರು ಯೋಜನೆ ಬರೆಯುವಾಗ ಇದು ತುಂಬಾ ನೆರವಾಗುತ್ತದೆ.

ಇಂಗ್ಲಿಷ್ ಸಾಮಗ್ರಿಯನ್ನು ಗೂಗಲ್ ಟ್ರಾನ್ಸ್‌ಲೇಟ್‌ನಿಂದ ಕನ್ನಡಕ್ಕೆ ತರುವವರು ಒಂದು ಎಚ್ಚರಿಕೆ ಇಟ್ಟುಕೊಳ್ಳಿ. "ಸೆಲ್" ಅನ್ನುವುದು ಜೀವಶಾಸ್ತ್ರದಲ್ಲಿ ಜೀವಕೋಶ, ವಿದ್ಯುತ್ ಪಾಠದಲ್ಲಿ ವಿದ್ಯುತ್ ಕೋಶ. ಯಂತ್ರ ಇವೆರಡನ್ನೂ ಕಲಸಿಬಿಡಬಹುದು. ಪಾರಿಭಾಷಿಕ ಪದಗಳನ್ನು ಪಠ್ಯಪುಸ್ತಕದ ಜೊತೆ ಇಟ್ಟು ತಾಳೆ ನೋಡದೆ ಪ್ರಶ್ನೆಪತ್ರಿಕೆ ಮಾಡಬೇಡಿ.

ಸಮಾಜ ವಿಜ್ಞಾನ: ನಮ್ಮೂರಿನ ಕಲ್ಲು ಏನು ಹೇಳುತ್ತದೆ

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ತುಂಬಾ ಜನರಿಗೆ ಇದು ಗೊತ್ತಿಲ್ಲ. ಬ್ರಿಟಿಷರ ಕಾಲದಲ್ಲಿ ಮೈಸೂರು ಸೀಮೆಯ ಶಾಸನಗಳನ್ನು ಕಲೆಹಾಕಿದ ಬಿ. ಎಲ್. ರೈಸ್ ಹೊರತಂದ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಮತ್ತು ಎಂಟನೇ ಸಂಪುಟಗಳು ಪೂರ್ತಿ ಆಗಿನ ಶಿವಮೊಗ್ಗ ಜಿಲ್ಲೆಯ ಶಾಸನಗಳಿಗೇ ಮೀಸಲು. ಬಂದದ್ದು 1902 ಮತ್ತು 1904ರಲ್ಲಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಏಳರಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ. ಎಂಟರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ನಗರ ತಾಲ್ಲೂಕು ಅಂದರೆ ಇವತ್ತಿನ ಹೊಸನಗರ. ಶಾಸನದ ಕನ್ನಡ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ.

ಹೀಗೆ ಮಾಡಿ. ನಿಮ್ಮ ತಾಲ್ಲೂಕಿನ ಸಂಪುಟದ ಪಿಡಿಎಫ್ ಇಳಿಸಿ. ಫೈಲ್ ದೊಡ್ಡದು, ಪೇಟೆಯಲ್ಲೇ ಇಳಿಸಬೇಕು. ಇಂಗ್ಲಿಷ್ ಭಾಗದಲ್ಲಿ ಶಾಲೆಯ ಸುತ್ತಿನ ಊರುಗಳ ಹೆಸರು ಹುಡುಕಿ. ಬ್ರಿಟಿಷರ ಕಾಲದ ಸ್ಪೆಲ್ಲಿಂಗ್ ಬೇರೆ ಇರುತ್ತದೆ, ಎರಡು ಮೂರು ಥರ ಬರೆದು ನೋಡಿ. ನಿಮ್ಮ ಊರಿನ ಶಾಸನ ಸಿಕ್ಕರೆ ಆ ಪುಟ ಪ್ರಿಂಟ್ ಮಾಡಿ, ಮಳೆ ಬಿಟ್ಟ ಮೇಲೆ ಮಕ್ಕಳನ್ನು ಕಲ್ಲಿನ ಹತ್ತಿರವೇ ಕರೆದುಕೊಂಡು ಹೋಗಿ. ಶಾಸನ ಸಿಗದಿದ್ದರೆ ದೇವಸ್ಥಾನದ ಹಿಂದೆಯೋ ಕೆರೆ ಏರಿಯ ಮೇಲೋ ಒಂದು ವೀರಗಲ್ಲು ಇರಬಹುದು, ಹಿರಿಯರನ್ನು ಕೇಳಿ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಿಸಿ: ಕೆಳಗೆ ಯುದ್ಧ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಎದುರು ಕೂತ ವೀರ. ಅಕ್ಷರ ಕಾಣಲಿ ಅಂತ ಸುಣ್ಣ, ಬಣ್ಣ ಬಳಿಯಲು ಬಿಡಬೇಡಿ. ನೀರು ಚಿಮುಕಿಸಿ, ಓರೆಯಾಗಿ ಬೀಳುವ ಬೆಳಗಿನ ಬಿಸಿಲಲ್ಲಿ ನೋಡಿದರೆ ಅಕ್ಷರ ತಾನೇ ಎದ್ದು ಕಾಣುತ್ತದೆ.

ಭೂಗೋಳಕ್ಕೆ ಗೂಗಲ್ ಅರ್ಥ್ ಅಥವಾ ಇಸ್ರೊದ ಉಪಗ್ರಹ ನಕ್ಷೆ ಭುವನ್. ನದಿ ಪಾಠಕ್ಕೆ ಗಂಗಾಮೂಲದಿಂದ ಹೊರಟು, ತುಂಗೆಯ ಜೊತೆ ಶೃಂಗೇರಿ, ತೀರ್ಥಹಳ್ಳಿ, ಗಾಜನೂರು, ಶಿವಮೊಗ್ಗ ದಾಟಿ ಕೂಡಲಿಯಲ್ಲಿ ಭದ್ರೆಯನ್ನು ಸೇರುವ ತನಕ ಒಂದೊಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಹತ್ತು ಚಿತ್ರ ಸಾಲಾಗಿ ತೋರಿಸಿದರೆ ನದಿಯ ಜೊತೆ ನಡೆದ ಹಾಗಾಗುತ್ತದೆ. ಶರಾವತಿಗೂ ಹೀಗೇ ಮಾಡಬಹುದು: ಅಂಬುತೀರ್ಥ, ಲಿಂಗನಮಕ್ಕಿ, 253 ಮೀಟರ್ ಧುಮುಕುವ ಜೋಗ. 1964ರಲ್ಲಿ ಪೂರ್ತಿಯಾದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ದ್ವೀಪಗಳನ್ನು ತೋರಿಸುವಾಗ ಸ್ವಲ್ಪ ನಿಲ್ಲಿ. ಮುಳುಗಡೆಯಾದ ಮನೆತನಗಳ ಮೊಮ್ಮಕ್ಕಳು ನಿಮ್ಮ ತರಗತಿಯಲ್ಲೇ ಇರಬಹುದು. ಅವರ ಮನೆಯ ಮಾತು ಕೇಳಿಸಿಕೊಳ್ಳಿ.

ಮಳೆ, ಹಕ್ಕಿ, ಹಲಸಿನ ಮರ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಾಲತಾಣದಲ್ಲಿ ದಿನದಿನದ ಮಳೆ ಲೆಕ್ಕ ಬರುತ್ತದೆ. ಶಾಲೆಯಲ್ಲಿ ನೇರ ಗೋಡೆಯ ಬಾಟಲಿಯಿಂದ ಒಂದು ಮಳೆಮಾಪಕ ಮಾಡಿ. ಮಕ್ಕಳು ಅಳೆದದ್ದನ್ನು ಅಲ್ಲಿನ ಅಂಕಿಯ ಪಕ್ಕ ಬರೆದು ಸ್ತಂಭಾಲೇಖ ಎಳೆಯಲಿ. ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿ.ಮೀ.ಗೂ ಮೇಲೆ ಅಂತ ಹೇಳಿ ಬಿಡುವ ಬದಲು ಲೆಕ್ಕ ಹಾಕಿಸಿ: ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಮಾಡು 100 ಚದರ ಮೀಟರ್ ಇದ್ದು, 50 ಮಿ.ಮೀ. ಮಳೆ ಬಂದರೆ 5,000 ಲೀಟರ್. ಇಷ್ಟೆಲ್ಲ ನೀರು ಎಲ್ಲಿ ಹೋಯಿತು ಅನ್ನುವ ಪ್ರಶ್ನೆ ಮಕ್ಕಳೇ ಕೇಳುತ್ತಾರೆ.

ಹಕ್ಕಿಗಳಿಗೆ ಕಾರ್ನೆಲ್ ವಿಶ್ವವಿದ್ಯಾಲಯದ ಮರ್ಲಿನ್ ಆ್ಯಪ್. ನಮ್ಮ ಭಾಗದ ಹಕ್ಕಿಗಳ ಪ್ಯಾಕ್ ಮೊದಲೇ ಇಳಿಸಿಟ್ಟರೆ ಕಾಡಿನ ನಡುವೆಯೂ ಕೂಗು ಕೇಳಿ ಹೆಸರು ಸೂಚಿಸುತ್ತದೆ. ಅದು ಹೇಳಿದ್ದೇ ಕೊನೆಯಲ್ಲ, ಕಣ್ಣಲ್ಲಿ ನೋಡಿ ಖಚಿತ ಮಾಡಿಕೊಳ್ಳಿ. ಮಕ್ಕಳು ಊರಿನಲ್ಲಿ ಕರೆಯುವ ಹೆಸರನ್ನೂ ಪಕ್ಕದಲ್ಲಿ ಬರೆಸಿ. ಮಳೆಗಾಲದಲ್ಲಿ ಮಂಡಗದ್ದೆಗೆ ಒಂದು ದಿನ ಹೋಗಲು ಆದರೆ ಹೋಗಿ, ತುಂಗೆಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳ ಗೂಡು ತುಂಬಿರುತ್ತದೆ. ಸೀಸನ್‌ವಾಚ್ ಅನ್ನುವ ಯೋಜನೆಯಲ್ಲಿ ಒಂದು ಮರವನ್ನು ವಾರಕ್ಕೊಮ್ಮೆ ನೋಡಿ ಚಿಗುರು, ಹೂ, ಕಾಯಿ ದಾಖಲಿಸಬಹುದು. ಶಾಲೆಯ ಹಲಸಿನ ಮರ ಸಾಕು. ವಾರವಿಡೀ ಕಾಗದದಲ್ಲಿ ಬರೆದು, ಪೇಟೆಗೆ ಹೋದಾಗ ಆ್ಯಪ್‌ಗೆ ಏರಿಸಿದರಾಯಿತು.

ತರಗತಿಯೊಳಗೆ

ಪರದೆ ಒಂದು ಸಲಕ್ಕೆ ಐದೇ ನಿಮಿಷ. ಒಂದೇ ಫೋನ್ ಇದ್ದರೆ ಮೂವತ್ತು ಮಕ್ಕಳಿಗೆ ಒಟ್ಟಿಗೆ ತೋರಿಸಲು ಹೋಗಬೇಡಿ. ಐದು ಗುಂಪು ಮಾಡಿ, ಒಂದು ಗುಂಪಿಗೆ ಫೋನ್, ಉಳಿದವರಿಗೆ ಅದೇ ವಿಷಯದ ಬರಹ, ಚಿತ್ರ, ವಸ್ತು. ಸುತ್ತು ಹಾಕಿಸಿ. ಯೂಟ್ಯೂಬ್‌ನಲ್ಲಿ ತೋರಿಸಲೇಬೇಕಾದರೆ ಆಟೋಪ್ಲೇ ಆರಿಸಿ, ಇಲ್ಲದಿದ್ದರೆ ಮುಂದೆ ಏನು ಬರುತ್ತದೋ ಹೇಳಲಾಗದು. ಮಕ್ಕಳ ಹೆಸರು, ಮುಖ, ಊರು ಇರುವ ಫೋಟೊ ಯಾವ ಆ್ಯಪ್‌ಗೂ, ಗುಂಪಿಗೂ ಹಾಕಬೇಡಿ. ಖಾತೆ ಬೇಕಾದ ಕಡೆ ನಿಮ್ಮ ಖಾತೆಯನ್ನೇ ಬಳಸಿ.

ಪಾಠ ಮುಗಿದ ದಿನವೇ ಹಾಳೆಯಲ್ಲಿ ಒಂದು ಸಾಲು ಬರೆದಿಡಿ: ಏನು ಹಿಡಿಸಿತು, ಎಲ್ಲಿ ನಿಂತಿತು. ತಿಂಗಳ ಸಮಾಲೋಚನಾ ಸಭೆಗೆ ಹೋಗುವಾಗ ಆ ಹಾಳೆ, ಪೆನ್‌ಡ್ರೈವ್ ಎರಡೂ ಜೊತೆಗಿರಲಿ. ನಮ್ಮ ಕ್ಲಸ್ಟರ್‌ನಲ್ಲಿ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಫೈಲುಗಳನ್ನು ಹಂಚಿಕೊಳ್ಳುತ್ತೇವೆ. ನನ್ನ ಹತ್ತಿರ ವಿಜ್ಞಾನದ್ದು ಜಾಸ್ತಿ, ಪಕ್ಕದ ಶಾಲೆಯ ಮಿಸ್ ಹತ್ತಿರ ಕತೆಗಳು ಜಾಸ್ತಿ.

ಹೊಸದಾಗಿ ಶುರು ಮಾಡುವವರು ಮುಂದಿನ ಸಲ ಪೇಟೆಗೆ ಹೋದಾಗ ಇಷ್ಟೇ ಇಳಿಸಿಕೊಳ್ಳಿ: ಆ ವಾರದ ಎರಡು ಪಾಠಕ್ಕೆ ದೀಕ್ಷಾ ಸಾಮಗ್ರಿ, ಸ್ಟೋರಿವೀವರ್‌ನ ಮೂರು ಕತೆ, ಫೆಟ್‌ನ ಒಂದು ಪ್ರಯೋಗ. ಬಸ್ಸಿಗೆ ಕಾಯುವಾಗ ಏರೋಪ್ಲೇನ್ ಮೋಡ್ ಹಾಕಿ ಎಲ್ಲವನ್ನೂ ಒಮ್ಮೆ ತೆರೆದು ನೋಡಿ.